ಸಮಕ್ಕೆ ಬರದ ಮುಕ್ತಾಯ: ಸ್ಟಾಕ್‌ಹೋಮಿನ ಬ್ಯಾಂಡಲ್ಲಿ ನನ್ನ ಮೃದಂಗ

ಸ್ಟಾಕ್‌ಹೋಮಿನಲ್ಲಿ ನಾವೊಂದಷ್ಟು ಜನ ಸೇರ್ಕೊಂಡು ಒಂದು ಬ್ಯಾಂಡ್ ನಡೆಸ್ತೀವಿ, ಪಶ್ಚಿಮ ಆಫ್ರಿಕಾದ ಗ್ರೂವ್ (ತಿರುಗಿ ತಿರುಗಿ ಬರೋ ಲಯ) ಮೇಲೆ ಜಾಝ್ ನುಡಿಸೋದು. ಎರಡು ಸ್ಯಾಕ್ಸ್, ಒಂದು ಟ್ರೊಂಬೋನ್, ಬೇಸ್, ಗಿಟಾರ್, ಡ್ರಮ್ ಕಿಟ್, ಗಂಟೆ ಮತ್ತು ಕೈಡ್ರಮ್ಮಿಗೆ ಘಾನಾದ ವೋಲ್ಟಾ ಕಡೆಯವರೊಬ್ರು, ಮೃದಂಗ ಖಂಜಿರಕ್ಕೆ ನಾನು. ಎಲ್ರಿಗೂ ಹಗಲು ಬೇರೆ ಕೆಲಸ ಇದೆ, ನಂದು ಸಾಫ್ಟ್‌ವೇರು, ಇದು ಸಂಜೆದು. ಊರಲ್ಲಿ ಮೃದಂಗ ಕಲಿಯೋ ಹುಡುಗ್ರು "ಅಲ್ಲಿ ಏನು ನುಡಿಸ್ತೀಯ, ತನಿ (ಒಬ್ಬನೇ ನುಡಿಸೋ ಅವಕಾಶ) ಕೊಡ್ತಾರಾ" ಅಂತ ಕೇಳ್ತಾನೇ ಇರ್ತಾರೆ, ಅವ್ರಿಗೆ ಅಂತಲೇ ಸ್ವಲ್ಪ ವಿವರವಾಗಿ ಬರೀತಿದೀನಿ.

ಸ್ವೀಡನ್ನಿಗೂ ಆಫ್ರಿಕಾಗೂ ಎತ್ತಣಿಂದೆತ್ತ ಸಂಬಂಧ ಅನ್ಸೋದು ಸಹಜ, ಆದ್ರೆ ಇದು ನಿನ್ನೆ ಮೊನ್ನೆ ಶುರುವಾಗಿದ್ದಲ್ಲ. ಅಮೆರಿಕದ ಟ್ರಂಪೆಟ್ ವಾದಕ ಡಾನ್ ಚೆರಿ 1970ರ ಸುಮಾರಿಗೆ ದಕ್ಷಿಣ ಸ್ವೀಡನ್ನಿನ ಟೋಗಾರ್ಪ್ ಅನ್ನೋ ಹಳ್ಳಿಯ ಒಂದು ಹಳೇ ಶಾಲೆ ಕಟ್ಟಡದಲ್ಲಿ ಸಂಸಾರ ಹೂಡಿದ್ರು. ಅವ್ರಿಗೆ ಡೊನ್ಸೊ ನ್ಗೋನಿ ಅನ್ನೋ ಬೇಟೆಗಾರರ ತಂತಿವಾದ್ಯ ಕಲಿಸಿದ್ದು ಯಾರು ಗೊತ್ತಾ, ಮಾಲಿಗೇ ಹೋಗಿ ಕಲ್ತು ಬಂದಿದ್ದ ಕ್ರಿಸ್ಟರ್ ಬುತೇನ್ ಅನ್ನೋ ಸ್ವೀಡಿಷ್ ಸಂಗೀತಗಾರ. ಇನ್ನೊಬ್ರು ಡ್ರಮ್ಮರ್ ಬೆಂಗ್ಟ್ ಬರ್ಗರ್, ಇವ್ರು ಇಂಡಿಯಾಗೂ ಬಂದು ಘಾನಾಗೂ ಹೋಗಿ ತಾಳವಾದ್ಯ ಕಲ್ತವರು. ಉತ್ತರ ಘಾನಾ ಕಡೆ ಸಾವಿನ ಮನೇಲಿ ನುಡಿಸೋ ಸಂಗೀತ ಇಟ್ಕೊಂಡು ಇವ್ರು ಒಂದು ದೊಡ್ಡ ತಂಡ ಕಟ್ಟಿ 1981ರಲ್ಲಿ 'ಬಿಟರ್ ಫ್ಯುನರಲ್ ಬಿಯರ್' ರೆಕಾರ್ಡ್ ಮಾಡಿದ್ರು, ಇಸಿಎಂ ಅನ್ನೋ ರೆಕಾರ್ಡ್ ಕಂಪನಿದು. ಆ ಕಡೆ ತಿಥಿ ಮನೇಲಿ ಕುಡಿಯೋದು ಪಿಟೋ ಅಂತ, ಜೋಳದ ಬಿಯರ್, ಹೌದು ನಮ್ಮ ರೊಟ್ಟಿ ಜೋಳದ್ದೇ. ಆ ರೆಕಾರ್ಡಲ್ಲಿ ಡಾನ್ ಚೆರಿ ಟ್ರಂಪೆಟ್ ಜೊತೆಗೆ ಕೆ. ಶ್ರೀಧರ್ ಅವ್ರ ಸರೋದ್ ಇದೆ. ನಮ್ಮ ಸ್ಯಾಕ್ಸ್ ಹೆಂಗಸು ಅದನ್ನ ನಂಗೆ ಕೇಳಿಸಿ, ಇದ್ರಲ್ಲಿ ಸರೋದಿಗೆ ಜಾಗ ಇದೆ ಅಂದ್ಮೇಲೆ ಮೃದಂಗಕ್ಕೂ ಇರ್ಲೇಬೇಕು ಅಂತ ಎಳ್ಕೊಂಡು ಹೋಗಿದ್ದು.

ಆದ್ರೆ ಜಾಗ ಇದೆ ಅನ್ನೋದು ಬೇರೆ, ಆ ಜಾಗ ಎಲ್ಲಿದೆ ಅಂತ ಹುಡುಕೋದು ಬೇರೆ.

ನಮ್ಮ ಅರ್ಧಕ್ಕರ್ಧ ಟ್ಯೂನ್ ನಿಂತಿರೋದು ಘಾನಾದ ವೋಲ್ಟಾ ಕಡೆಯ ಎವೆ ಜನರ ಗಂಟೆ ಪ್ಯಾಟರ್ನ್ ಮೇಲೆ. ಗಾಂಕೋಗಿ ಅಂತಾರೆ, ಒಂದಕ್ಕೊಂದು ಅಂಟಿರೋ ಎರಡು ಕಬ್ಬಿಣದ ಗಂಟೆ, ಕಡ್ಡೀಲಿ ಬಡಿಯೋದು. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ಚತುರಶ್ರ ಏಕ, ತಿಸ್ರ ನಡೆ, ಅಂದ್ರೆ ನಾಲ್ಕು ಎಣಿಕೆ, ಒಂದೊಂದಕ್ಕೆ ಮೂರು ಮಾತ್ರೆ, ಒಟ್ಟು 12 ಮಾತ್ರೆ. ಅದ್ರಲ್ಲಿ ಗಂಟೆ ಬೀಳೋದು 1, 3, 5, 6, 8, 10, 12 ಈ ಏಳರಲ್ಲಿ. ಕಾಲು ಬೀಳೋದು 1, 4, 7, 10ರಲ್ಲಿ. ಎರಡೂ ಸೇರೋದು ಒಂದ್ರಲ್ಲಿ ಮತ್ತೆ ಹತ್ತರಲ್ಲಿ ಮಾತ್ರ, ಮಿಕ್ಕ ಎರಡು ಹೆಜ್ಜೆ ಗಂಟೆ ಇಲ್ದೇನೇ ಬೀಳ್ಬೇಕು. ಕೂತು ಒಂದ್ಸಲ ಟೇಬಲ್ ಮೇಲೆ ಬಡಿದು ನೋಡಿ, ಕಾಲು ತಾನಾಗೇ ಗಂಟೆ ಹಿಂದೆ ಹೋಗೋಕೆ ಶುರು ಮಾಡುತ್ತೆ, ಅದನ್ನ ಹಿಡ್ಕೊಳ್ಳೋದೇ ಕೆಲಸ.

ಕರ್ನಾಟಕ ಸಂಗೀತದೋರಿಗೆ ಇಲ್ಲೊಂದು ಆಸೆ ಹುಟ್ಟುತ್ತೆ. ಗಂಟೆ ಪೆಟ್ಟುಗಳ ನಡುವಿನ ಅಂತರ ಎಣಿಸಿದ್ರೆ 2+2+1 ಅಂದ್ರೆ ಐದು, 2+2+2+1 ಅಂದ್ರೆ ಏಳು, ಖಂಡ ಮಿಶ್ರ ಸೇರಿ ಹನ್ನೆರಡು, ಮುಗೀತಲ್ಲ! ಕೊನ್ನಕ್ಕೋಲಲ್ಲಿ, ಅಂದ್ರೆ ಸೊಲ್ಲನ್ನ ಬಾಯಲ್ಲಿ ಹೇಳೋದ್ರಲ್ಲಿ, ಎರಡೇ ನಿಮಿಷದಲ್ಲಿ ಬಾಯಿಗೆ ಬರುತ್ತೆ, ಬಂತೂ ಕೂಡ. ಆದ್ರೆ ಹಾಗೆ ಎಣಿಸಿದ್ರೆ ಹೆಜ್ಜೆ ಸತ್ತೋಗುತ್ತೆ, ಐದು ಏಳು ಅಂತ ಕುಂಟೋ ಒಂದು ತಾಳ ಕೇಳ್ಸುತ್ತೆ ಹೊರತು ನಾಲ್ಕು ಹೆಜ್ಜೆ ಮೇಲೆ ತೇಲೋ ಗಂಟೆ ಕೇಳ್ಸಲ್ಲ. ಅದಕ್ಕೆ ಲೆಕ್ಕ ಗೊತ್ತಿದ್ರೂ ಪಕ್ಕಕ್ಕಿಟ್ಟೆ. ನಮ್ಮ ಘಾನಾದವ್ರು ಹೇಳಿದ್ದು ಒಂದೇ, ಎದ್ದು ನಿಂತ್ಕೋ, ಹೆಜ್ಜೆ ಹಾಕು, ಗಂಟೆ ಬಾಯಲ್ಲಿ ಹಾಡು, ಕೈ ಖಾಲಿ ಇರ್ಲಿ. ಕೂತು ನುಡಿಸಿಯೇ ಬೆಳೆದ ನಂಗೆ ಇದು ಭಾರಿ ಮುಜುಗರ, ಎತ್ತರದ ಸ್ವೀಡಿಷ್ ಜನ ಮಧ್ಯ ಪಂಚೆ ಇಲ್ದೆ ಕುಣಿಯೋ ಭಾಗವತನ ಹಾಗೆ ಕಾಣ್ತಿದ್ದೆ ಅಂತ ಈಗ್ಲೂ ತಮಾಷೆ ಮಾಡ್ತಾರೆ. ಆದ್ರೆ ಕೆಲಸ ಮಾಡ್ತು.

ಆಮೇಲೆ ಖಂಜಿರಕ್ಕೆ ಕೊಟ್ಟಿದ್ದು ಕಗಾನು ಅನ್ನೋ ಚಿಕ್ಕ ಡ್ರಮ್ಮಿನ ಪಾಠ. ತಕಿಟ ತಕಿಟ ಅಂದ್ಕೊಳ್ಳಿ, ಅದ್ರಲ್ಲಿ 'ತ' ನುಂಗ್ಬಿಡಿ, ಬರೀ 'ಕಿಟ' ನುಡಿಸಿ. ಹೆಜ್ಜೆ ಬೀಳೋ ಜಾಗದಲ್ಲಿ ಮೌನ, ಅದಾದ್ಮೇಲಿನ ಎರಡು ಮಾತ್ರೆ ಪೆಟ್ಟು. ಟ್ಯೂನ್ ಪೂರ್ತಿ ಇಷ್ಟೇ. ಹತ್ತು ನಿಮಿಷದ ಟ್ಯೂನಾದ್ರೆ ಹತ್ತು ನಿಮಿಷವೂ ಇಷ್ಟೇ. ಕೇಳೋಕೆ ಬೋರಿಂಗ್ ಅನ್ಸುತ್ತೆ, ಆದ್ರೆ ಇದನ್ನ ಅಲುಗಾಡ್ದೆ ಹಿಡಿದ್ರೆ ಸ್ಯಾಕ್ಸ್ ಸೋಲೋ ಯಾವ ಕಡೆ ಬೇಕಾದ್ರೂ ಹೋಗ್ಬೋದು, ನಾನು ಒಂದು ಚಂದದ ಫರನ್ (ವೇಗದ ಸೊಲ್ಲುಕಟ್ಟು) ಹಾಕ್ದೆ ಅಂದ್ರೆ ಎಲ್ಲರ ಕಿವಿ ನನ್ ಕಡೆ ತಿರುಗುತ್ತೆ, ಸೋಲೋ ಮಾಡೋರು ಅಲ್ಲೇ ನಿಂತ್ಬಿಡ್ತಾರೆ. ಎವೆ ಜನರ ಸಂಗೀತದಲ್ಲಿ ಬದಲಾವಣೆ ಮಾಡೋ ಹಕ್ಕು ಇರೋದು ಮುಖ್ಯ ಡ್ರಮ್ಮಿಗೆ, ಮಿಕ್ಕವ್ರೆಲ್ಲ ಜಾಗ ಕಾಯೋರು. ಪಕ್ಕವಾದ್ಯದೋರಿಗೆ ಇದು ಅರ್ಥ ಆಗ್ಬೇಕು, ಆದ್ರೂ ಪಕ್ಕವಾದ್ಯದಲ್ಲೂ ನಾವು ಪಲ್ಲವಿ ಮುಗಿಯೋ ಹೊತ್ತಿಗೆ ಏನಾದ್ರೂ ಒಂದು ತೀರ್ಮಾನ (ಮುಕ್ತಾಯದ ಸೊಲ್ಲು) ಹೊಡೀದೆ ಬಿಡಲ್ಲ, ಅಲ್ವಾ.

ಈ ತೀರ್ಮಾನದ ವಿಷ್ಯಾನೇ ನಂಗೆ ಹೆಚ್ಚು ತಲೆ ಕೆಡಿಸಿದ್ದು. ನಮ್ಮಲ್ಲಿ ಎಲ್ಲವೂ ಸಮದ (ಆವರ್ತದ ಮೊದಲ ಮಾತ್ರೆಯ) ಕಡೆ ಓಡುತ್ತೆ, ಮೂರು ಸಲ ಹೇಳಿ ಸಮಕ್ಕೆ ತಂದು ಕೂರಿಸಿದ್ರೆ ಸಭೆ ಕೈ ತಟ್ಟುತ್ತೆ. ಇಲ್ಲಿ ಗಂಟೆ ಎಲ್ಲಿಗೂ ಬಂದು ಸೇರಲ್ಲ, ಸುತ್ತುತ್ತೆ ಅಷ್ಟೇ. ಕೊನೆ ಪೆಟ್ಟು ಹನ್ನೆರಡರಲ್ಲಿ ಬೀಳುತ್ತೆ, ಅದು ಮುಂದಿನ ಒಂದನ್ನ ತಳ್ಳೋ ಪೆಟ್ಟು. ಆದ್ರೆ ಬ್ಯಾಂಡಿನವ್ರಿಗೆ ಒಂದು ಟ್ಯೂನಲ್ಲಿ ಮುಕ್ತಾಯ ಬೇಕೇ ಬೇಕಿತ್ತು, ಅದ್ರ ಥ್ರಿಲ್ ಅವ್ರಿಗೂ ಹಿಡಿಸಿತ್ತು. ಸಮಕ್ಕೆ ತಂದ್ರೆ ಗ್ರೂವ್ ಮುಗಿದೋಗುತ್ತೆ, ಹಾರ್ನ್‌ಗಳು (ಸ್ಯಾಕ್ಸ್, ಟ್ರೊಂಬೋನ್) ಮತ್ತೆ ಸೊನ್ನೆಯಿಂದ ಎಬ್ಬಿಸ್ಬೇಕು. ಹಾಗಾಗಿ ಗಂಟೆಯ ಹನ್ನೆರಡಕ್ಕೇ ತರೋಣ ಅಂತ ಕೂತ್ಕೊಂಡು ಲೆಕ್ಕ ಹಾಕ್ದೆ.

ಎರಡು ಆವರ್ತ, 24 ಮಾತ್ರೆ. 'ತ , ದಿ , ಗಿ ಣ ತೊಂ' ಏಳು ಮಾತ್ರೆ, ಮೂರು ಸಲ, ಮಧ್ಯ ಒಂದೊಂದು ಮಾತ್ರೆ ಕಾರ್ವೆ (ಖಾಲಿ ಬಿಡೋದು), ಒಟ್ಟು 23. ಒಂದು ಬಿಟ್ಟು ಎರಡನೇ ಮಾತ್ರೇಲಿ ಎತ್ತಿದ್ರೆ ಮೊದಲ ತೊಂ ಬೀಳೋದು ಎಂಟರಲ್ಲಿ, ಅದು ಗಂಟೆ ಪೆಟ್ಟು. ಎರಡನೇ ತೊಂ 16ರಲ್ಲಿ, ಅಂದ್ರೆ ಎರಡನೇ ಆವರ್ತದ ನಾಲ್ಕು, ಅಲ್ಲಿ ಗಂಟೆ ಇಲ್ಲ, ಹೆಜ್ಜೆ ಇದೆ. ಮೂರನೇದು 24, ಗಂಟೆಯ ಕೊನೇ ಪೆಟ್ಟಿನ ಜೊತೆ. ಒಂದು ತೊಂ ಗಂಟೆಗೆ, ಒಂದು ಕಾಲಿಗೆ, ಒಂದು ಮತ್ತೆ ಗಂಟೆಗೆ, ನಂಗಂತೂ ಇದು ಲಾಟರಿ ಹೊಡ್ದಂಗೆ ಖುಷಿ ಆಯ್ತು. ನಾನು ಬಿಟ್ಟ ತಕ್ಷಣ ಸಮದಲ್ಲಿ ಹಾರ್ನ್‌ಗಳು ಬರ್ತಾರೆ, ಸಮ ಅವ್ರದ್ದು. ಮೊದ್ಲು ಟ್ರೊಂಬೋನಿನವ್ರು ನನ್ನ ಕೊನೇ ತೊಂನೇ ಒಂದು ಅಂದ್ಕೊಂಡು ಎಂಟ್ರಿ ತಗೊಳ್ತಿದ್ರು, ಗಂಟೆ ಕೇಳಿ, ನನ್ನ ಕೇಳ್ಬೇಡಿ ಅಂತ ಹೇಳಿದ್ಮೇಲೆ ಸರಿ ಹೋಯ್ತು.

ಇನ್ನು ವಾದ್ಯದ ವಿಚಾರ, ಇಲ್ಲಿಗೆ ಬರೋರಿಗೆ ಉಪಯೋಗ ಆಗ್ಬೋದು. ಮೃದಂಗಕ್ಕೆ ಶ್ರುತಿ ಇದೆ, ಹಾಗಾಗಿ ಒಂದೇ ಆಧಾರ ಸ್ವರದ ಮೇಲೆ ಬೇಸ್ ಸುತ್ತೋ ಟ್ಯೂನಿಗೆ ಚೆನ್ನಾಗಿ ಕೂರುತ್ತೆ, ಕಾರ್ಡ್ ಬದಲಾಗ್ತಾ ಹೋಗೋ ಜಾಝ್ ಟ್ಯೂನಲ್ಲಿ ನಾಲ್ಕು ಬಾರಲ್ಲೇ ಅಪಸ್ವರ ಹೊಡ್ಯುತ್ತೆ. ಅಂಥದ್ದಕ್ಕೆ ಖಂಜಿರ. ಖಂಜಿರ ಮೇಕೆ ಚರ್ಮದ್ದೇ ತನ್ನಿ, ಉಡದ ಚರ್ಮದ್ದು ಬೇಡವೇ ಬೇಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಊರಲ್ಲೂ ಅಪರಾಧ, ಗಡಿ ದಾಟಿಸೋದಂತೂ ಇನ್ನೂ ದೊಡ್ಡ ತಪ್ಪು. ಚಳಿಗಾಲದಲ್ಲಿ ಹೀಟರ್ ಹಾಕಿದ ರೂಮಿನ ಗಾಳಿ ಎಷ್ಟು ಒಣಗಿರುತ್ತೆ ಅಂದ್ರೆ ಬಲಗಡೆ ಶ್ರುತಿ ತಾನಾಗೇ ಏರುತ್ತೆ, ಎಡಗಡೆ ಸದ್ದು ಗಂಭೀರ ಆಗ್ಲಿ ಅಂತ ಹಚ್ಚಿದ ರವೆ ಒಂದು ಸೆಟ್ ಮುಗಿಯೋ ಮೊದ್ಲೇ ಬಿರುಕು ಬಿಟ್ಟು ಉದುರುತ್ತೆ. ರವೆ ಇಲ್ಲಿ ಯಾವ ಅಂಗಡೀಲಾದ್ರೂ ಮನ್ನಗ್ರೀನ್ ಅನ್ನೋ ಹೆಸ್ರಲ್ಲಿ ಸಿಗುತ್ತೆ, ಗಂಜಿ ಮಾಡೋಕೆ ತಗೋತಾರೆ, ಸಣ್ಣಗಿದೆ, ಊರಿನದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ ಕಲಸಿ ಮೇಲೆ ಒದ್ದೆ ಬಟ್ಟೆ ಹಾಕಿಟ್ರೆ ತಡ್ಕೊಳ್ಳುತ್ತೆ.

ಡ್ರಮ್ ಕಿಟ್ ಪಕ್ಕ ಮೃದಂಗ ಕೇಳ್ಸಲ್ಲ ಅನ್ನೋದು ಇನ್ನೊಂದು ತಲೆನೋವು. ಎರಡು ಮೈಕ್ ಇಟ್ಟು ವಾಲ್ಯೂಮ್ ಏರ್ಸೋದು ಸುಲಭ, ಆದ್ರೆ ನಿಜವಾಗ್ಲೂ ಉಪಯೋಗ ಆಗಿದ್ದು ಯಾರು ಯಾವ ಸದ್ದು ಬಿಡ್ಬೇಕು ಅಂತ ಮಾತಾಡ್ಕೊಂಡಿದ್ದು. ನಮ್ಮ ಡ್ರಮ್ಮರ್ ಟೋನಿ ಅಲೆನ್ ಭಕ್ತ. ನೈಜೀರಿಯಾದ ಗಾಯಕ ಫೆಲಾ ಕುಟಿ ಜೊತೆ ಆಫ್ರೋಬೀಟ್ ಅನ್ನೋ ಶೈಲಿ ಕಟ್ಟಿದ ಲಾಗೋಸಿನ ಡ್ರಮ್ಮರ್ ಟೋನಿ ಅಲೆನ್ (1940–2020) ಅಮೆರಿಕದ ಜಾಝ್ ಡ್ರಮ್ಮರ್‌ಗಳಾದ ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ ಅವ್ರನ್ನ ಕೇಳಿ ಕಲ್ತವರು, ಅಂದ್ರೆ ಆಫ್ರಿಕಾದ ಗ್ರೂವಿಗೆ ಜಾಝ್ ಸೇರ್ಸೋ ಕೆಲಸ ಲಾಗೋಸಲ್ಲೂ ಆಗಿತ್ತು. ಅಲೆನ್ ಅವ್ರು ಫಿನ್‌ಲೆಂಡಿನ ಸಂಗೀತಗಾರ ಜಿಮಿ ಟೆನರ್ ಜೊತೆ 2009ರಲ್ಲಿ ಮಾಡಿದ ಆಲ್ಬಮ್ ನಮ್ಮ ರಿಹರ್ಸಲ್ ರೂಮಲ್ಲಿ ಓಡ್ತಾನೇ ಇರುತ್ತೆ. ನಮ್ಮ ಡ್ರಮ್ಮರ್ ಅವ್ರ ಥರ ಹೈಹ್ಯಾಟ್ ಅನ್ನೋ ಜೋಡಿ ತಟ್ಟೆ ಮೇಲೆ ಏನೇನೋ ಕಸೂತಿ ಹಾಕ್ತಾರೆ, ನನ್ನ ಬಲಗೈಯ ಮೀಟು ಚಾಪು ಪೆಟ್ಟು ಬೀಳೋದೂ ಅದೇ ಎತ್ತರದಲ್ಲಿ, ಎರಡೂ ಸೇರಿ ಬರೀ ಚರಪರ. ಈಗ ಆಫ್ರೋಬೀಟ್ ನಂಬರುಗಳಲ್ಲಿ ನಾನು ಬಲಗೈ ಬಹುತೇಕ ಎತ್ತೋದೇ ಇಲ್ಲ, ಎಡಗೈ ಗುಮ್ಕಿ (ಗುಂ ಅನ್ನೋ ತಗ್ಗಿನ ಸದ್ದು) ಮಾತ್ರ, ಬೇಸಿನ ಸಂದೀಲಿ. 12 ಮಾತ್ರೆ ಟ್ಯೂನುಗಳಲ್ಲಿ ಅವ್ರು ಹೈಹ್ಯಾಟ್ ಬಿಟ್ಟು ಬರೀ ಟಾಮ್ ಡ್ರಮ್ ನುಡಿಸ್ತಾರೆ, ಆಗ ಮೇಲಿನ ಸದ್ದು ಪೂರ್ತಿ ಗಂಟೆದು ಮತ್ತೆ ನಂದು.

ತನಿ ಕೊಡ್ತಾರಾ ಅಂತ ಕೇಳಿದ್ರಲ್ಲ, ಕೊಡ್ತಾರೆ. ಗಂಟೆ ನಿಲ್ಸಲ್ಲ, ಅದ್ರ ಮೇಲೇ ನುಡಿಸ್ಬೇಕು.