ಕಿರಾಣಿ ಪುಸ್ತಕದ ಮೇಲೆ ಹನ್ನೊಂದು ಮನೆ

"ಮಕ್ಕಳನ್ನು ಅಜ್ಜಿ ಹತ್ರ ಬಿಟ್ರೆ ನಿಮ್ಮ ರೊಕ್ಕ ಕಾಕಾನ ಕಿಸೆಗೆ ಹೋಗ್ತದ, ಸುಮ್ನ ಹಾಸ್ಟೆಲಿಗೆ ಹಾಕ್ರಿ." ಗದಗಿನಲ್ಲಿ ನಮಗೆ ಈ ಮಾತು ಹೇಳದವರಿಲ್ಲ. ಈಗ ಐದನೇ ವರ್ಷ. ಗದಗ-ಬೆಟಗೇರಿಯಲ್ಲಿ 11 ಮನೆ, 23 ಮಕ್ಕಳು. ಅಪ್ಪ-ಅವ್ವ ಇಬ್ಬರೂ ಇಲ್ಲ, ಅಜ್ಜಿ ಹತ್ರವೇ ಇದ್ದಾರೆ, ಮನೆಯ ಕಿರಾಣಿ ನಾವು ಕೊಡಿಸುತ್ತೇವೆ. ಶಾಲೆ ಬಿಟ್ಟವನು ಒಬ್ಬನೇ.

ಮೊದಲೆರಡು ವರ್ಷ ನಾವೂ ಆಶ್ರಮಗಳಿಗೆ ಹುಟ್ಟುಹಬ್ಬದ ಊಟ ಹಾಕಿಸುತ್ತಿದ್ದೆವು. ಆಗಸ್ಟ್ 15ರಂದು ಒಂದೇ ಕಡೆ ಮೂರು ಮನೆಯ ಹೋಳಿಗೆ. ಮುಂದಿನ ವಾರ ಅಲ್ಲೇ ಬೇಳೆಗೆ ತತ್ವಾರ. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು, ನಾಟಕ ಕಂಪನಿ ನಡೆಸಿ ಇದೇ ಊರಲ್ಲಿ ವೀರೇಶ್ವರ ಪುಣ್ಯಾಶ್ರಮ ಸಾಕಿದರು. ಯಾರೂ ಇಲ್ಲದ ಮಗುವಿಗೆ ಅಂಥ ನೆರಳು ಬೇಕೇ ಬೇಕು. ಆದರೆ ಅಜ್ಜಿ ಬದುಕಿರುವಾಗ, ಬರೀ ಜೋಳ ಇಲ್ಲ ಅಂತ ಮಗುವನ್ನು ಮನೆಯಿಂದ ಎಬ್ಬಿಸುವುದು ನನಗೆ ಸಹಿಸಲಾಗಲಿಲ್ಲ.

ನಗದು ಕೊಟ್ಟು ನೋಡಿದೆವು. ಮೂರು ಮನೆ, ತಿಂಗಳಿಗೆ 1,500, ನಾಲ್ಕು ತಿಂಗಳು. ಹದಿನೆಂಟು ಸಾವಿರ ಹೋಯ್ತು. ಒಂದು ಮನೆಯಲ್ಲಿ ಅದು ಬೈಕಿನ ಕಂತಾಗಿತ್ತು. ಕಾಕಾನ ಕಿಸೆ ಅಂದವರ ಮಾತು ನಿಜವಾಯ್ತು, ಅರ್ಧ ಮಾತ್ರ.

ಆಮೇಲೆ ಓಣಿಯ ಕಿರಾಣಿ ಅಂಗಡಿಯಲ್ಲಿ ಮನೆಗೊಂದು ಉದ್ರಿ ಪುಸ್ತಕ ಮಾಡಿಸಿದೆವು. ಸಾಮಾನು ಮನೆಯವರು ಬರೆಸಿ ಒಯ್ಯೋದು, ದುಡ್ಡು ತಿಂಗಳಿಗೊಮ್ಮೆ ನಾವು ಕೊಡೋದು. ತಿಂಗಳಿಗೆ ಸುಮಾರು 1,800ರ ಮಿತಿ. ರೇಷನ್ ಅಕ್ಕಿ ಬರುತ್ತೆ, ಅದಕ್ಕೆ ಅಕ್ಕಿ ಬೇಡ. ಜೋಳ, ತೊಗರಿಬೇಳೆ, ಎಣ್ಣೆ, ಶೇಂಗಾ, ಸೋಪು, ನೋಟ್‌ಬುಕ್ಕು. ಬೀಡಿ, ಗುಟ್ಕಾ ಬರೆದರೆ ಬಿಲ್ ಕೊಡಲ್ಲ. ಅಂಗಡಿ ಆರಿಸೋಕೆ ನಮ್ಮದೊಂದು ಗುರುತಿದೆ, ಅದನ್ನಿಲ್ಲಿ ಬರೆಯಲ್ಲ. ಅಂಗಡಿಯವರೂ ಓದ್ತಾರೆ, ಅಲ್ವಾ?

ಬೆಟಗೇರಿಯ ಒಂದು ಪುಸ್ತಕ ನನ್ನ ಹತ್ರ ಇದೆ. ಎಣ್ಣೆ ಕೈಯಿಂದ ಹಾಳೆಯೆಲ್ಲ ಅರೆಪಾರದರ್ಶಕ. ಸಾಲು ಸಾಲು ಅಜ್ಜಿಯ ಹೆಬ್ಬೆಟ್ಟು. ಒಂದು ಕಡೆ "ರಿಬ್ಬನ್ 10" ಅಂತ ಇದೆ. ಅಂಗಡಿಯವರು ಅದನ್ನು ಹೊಡೆದುಹಾಕಿದ್ದರು, ನಾನು ಮತ್ತೆ ಬರೆಸಿದೆ.

ದುಡ್ಡು? ಅರವತ್ತು ಜನರ ಪಟ್ಟಿ, ತಿಂಗಳಿಗೆ ತಲೆಗೆ 300. ಉಳಿದ ಒಂದೆರಡು ಸಾವಿರ ಮಾರ್ಕೆಟ್ಟಿನ ಇಬ್ಬರದು. ದೊಡ್ಡ ದಾನಿಗಳನ್ನು ಬಿಟ್ಟೆವು, ಅವರು ವರ್ಷಕ್ಕೊಮ್ಮೆ ನೆನಪಾಗುತ್ತಾರೆ. 300 ಕೊಡುವವರು ತಪ್ಪಿಸಲ್ಲ.

ನಡುವೆ ಎರಡು ಮನೆಗೆ ಆಡು ಕೊಡಿಸಿದೆವು. ಒಂದು ಮಳೆಗಾಲದಲ್ಲಿ ಸತ್ತಿತು. ಇನ್ನೊಂದು ನಾಲ್ಕಾಯಿತು, ಆದರೆ ಮೇಯಿಸೋಕೆ ಹುಡುಗ ಶಾಲೆ ಬಿಟ್ಟ. ಆ ಒಬ್ಬ ಅವನೇ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತೆ. ಆಡು ನಿಲ್ಲಿಸಿದೆವು.

ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ಬರುತ್ತೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಿಸಿ. ಮರಣ ಪ್ರಮಾಣಪತ್ರವೇ ದೊಡ್ಡ ತಲೆನೋವು, ಒಂದು ಮನೆಗೆ ಏಳೆಂಟು ತಿಂಗಳು ಓಡಾಡಿದೆವು. ಅಲ್ಲಿಯವರೆಗೆ ಆ ಮನೆ ನಡೆಸಿದ್ದು ಉದ್ರಿ ಪುಸ್ತಕವೇ. ರೈಲ್ವೆ ಸ್ಟೇಷನ್ನಿನಲ್ಲಿ ಒಂಟಿಯಾಗಿ ಸಿಕ್ಕ ಮಗುವಿಗೆ ಮಾತ್ರ ಈ ದಾರಿ ಅಲ್ಲ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು.

ಅಂಗಡಿ ಬಾಕಿ ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಚುಕ್ತಾ ಮಾಡಿ. ಒಮ್ಮೆ ನಾವು ತಡಮಾಡಿದ್ದಕ್ಕೆ ಅಂಗಡಿಯವರು ನಾಲ್ಕು ಜನರೆದುರು ಅಜ್ಜಿಯನ್ನು ಕೇಳಿದರು. ಆಕೆ ಹದಿನೈದು ದಿನ ಆ ಅಂಗಡಿ ಮೆಟ್ಟಿಲು ಹತ್ತಲಿಲ್ಲ.