ಒಂದೇ ಸಂಘದ ಒಂಬತ್ತು ಬಾರ್ಬರೆಸ್ಕೊ: ನಾನು ಅಂಕ ಕೊಟ್ಟ ಬಗೆ

ಬಾರ್ಬರೆಸ್ಕೊ ಅಂದರೆ ಇಟಲಿಯ ಒಂದು ಕೆಂಪು ವೈನು. "ಒಂಬತ್ತಕ್ಕೂ ರುಚಿ ಒಂದೇ. ನೀನು ಲೇಬಲ್ ನೋಡಿ ಅಂಕ ಹಾಕ್ತಿದ್ದೀಯ" ಅಂತ ಇಲ್ಲಿ ತೊರಿನೊದ ಗೆಳೆಯರು ಎರಡು ವರ್ಷ ಹೇಳಿದರು. ಆಗ ಅವರ ಮಾತು ನಿಜವೇ ಆಗಿತ್ತು. ಈಗಲ್ಲ.

ನಾನು ಹಿಡಿದದ್ದು ಪ್ರೊದುತ್ತೊರಿ ದೆಲ್ ಬಾರ್ಬರೆಸ್ಕೊ. 1958ರಲ್ಲಿ ಬಾರ್ಬರೆಸ್ಕೊ ಊರಿನ ಪಾದ್ರಿ 19 ದ್ರಾಕ್ಷಿ ಬೆಳೆಗಾರರನ್ನು ಸೇರಿಸಿ ಕಟ್ಟಿದ ಸಹಕಾರ ಸಂಘ. ನಮ್ಮೂರುಗಳಲ್ಲಿ ಹಾಲಿನ ಡೇರಿ ನೋಡಿ ಬೆಳೆದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಒಳ್ಳೆ ವರ್ಷಗಳಲ್ಲಿ ಒಂಬತ್ತು ತೋಟಗಳ ರಿಸೆರ್ವಾವನ್ನು (ಹೆಚ್ಚು ಕಾಲ ಇಟ್ಟು ಮಾಗಿಸಿದ ವೈನು) ಬೇರೆ ಬೇರೆ ತುಂಬುತ್ತಾರೆ. ಎಲ್ಲವೂ ನೆಬ್ಬಿಯೊಲೊ ಅನ್ನೋ ಒಂದೇ ಜಾತಿಯ ದ್ರಾಕ್ಷಿ, ಮಾಡುವ ರೀತಿಯೂ ಒಂದೇ. ವ್ಯತ್ಯಾಸ ಅಂತಿದ್ದರೆ ಅದು ಮಣ್ಣಿನದು, ಇಳಿಜಾರಿನದು.

ಮೊದಲ ಸಲ 2013ರ ಒಂಬತ್ತನ್ನೂ ಒಂದೇ ಸಂಜೆ ತೆಗೆದೆ. ಐದನೇ ಗ್ಲಾಸಿಗೇ ಬಾಯೆಲ್ಲ ಚೊಗರು. ಆಮೇಲಿನ ನಾಲ್ಕಕ್ಕೆ ಕೊಟ್ಟ ಅಂಕಕ್ಕೆ ಬೆಲೆಯೇ ಇಲ್ಲ. ಎರಡನೇ ಸಲ ದಿನಕ್ಕೊಂದು ಬಾಟಲಿ. ನಿನ್ನೆಯದು ಇವತ್ತಿಗೆ ನೆನಪಿರಲಿಲ್ಲ. ಒಂದು ಬಾಟಲಿಯಂತೂ ಒದ್ದೆ ಗೋಣಿಚೀಲದ ವಾಸನೆ, ಕಾರ್ಕ್ ಕೆಟ್ಟಿತ್ತು. ಅಂಗಡಿಯವರು ಬದಲಾಯಿಸಿ ಕೊಡಲಿಲ್ಲ. ಎರಡೂ ಸಲ ಸೇರಿ ಸುಮಾರು 900 ಯೂರೊ ಹೋಯಿತು, ಎಲ್ಲ ನನ್ನ ಜೇಬಿಂದ.

ಮೂರನೇ ಸಲ 2016ರ ಸೆಟ್. ನಾಲ್ಕು ಜನ ಹಂಚಿಕೊಂಡೆವು, ತಲೆಗೆ 130 ಯೂರೊ ಆಸುಪಾಸು. ಸಂಜೆಗೆ ಮೂರೇ ತೋಟ, ಆದರೆ ಗ್ಲಾಸು ಐದು. ಮೊದಲನೆಯದು ಸಂಘದ ಮಾಮೂಲಿ ಬಾರ್ಬರೆಸ್ಕೊ. ಅದಕ್ಕೆ 20ಕ್ಕೆ 15 ಅಂತ ಗೊತ್ತು ಮಾಡಿಬಿಟ್ಟೆ, ಮಿಕ್ಕಿದ್ದೆಲ್ಲ ಅದರ ಎದುರು. ಉಳಿದ ನಾಲ್ಕರಲ್ಲಿ ಒಂದು ವೈನು ಎರಡು ಸಲ ಬರುತ್ತೆ. ಯಾವುದು ಅಂತ ಸುರಿದ ನನ್ನ ಹೆಂಡತಿಗೆ ಮಾತ್ರ ಗೊತ್ತು. ಆ ಎರಡು ಗ್ಲಾಸಿಗೆ ಒಂದಕ್ಕಿಂತ ಜಾಸ್ತಿ ಅಂಕದ ಅಂತರ ಬಂದರೆ ಅವತ್ತಿನ ಲೆಕ್ಕ ರದ್ದು. ಮಾಮೂಲಿಯನ್ನು ಮೂರು ಸಂಜೆಗೂ ಒಂದೇ ಥರ ಉಳಿಸಿಕೊಳ್ಳೋಕೆ ಸಣ್ಣ ಬಾಟಲಿಗಳಿಗೆ ಕಂಠಮಟ್ಟ ತುಂಬಿಟ್ಟೆ. ತುಂಬುವಾಗ ಮಾಡುವ ಇನ್ನೊಂದು ಕೆಲಸ ಇದೆ, ಅದು ನನ್ನಲ್ಲೇ ಇರಲಿ.

ನಿಜವಾಗಿ ಕೈಹಿಡಿದದ್ದು ಮಾತು. ವಯೊಲೆಟ್ ಹೂವಿನ ವಾಸನೆ ಅಂತ ಎಲ್ಲರೂ ಬರೀತಾರೆ. ಆ ಹೂವನ್ನು ನಾನು ಮೂಸಿಯೇ ಇರಲಿಲ್ಲ! ಅದನ್ನು ಬಿಟ್ಟು ದೇವರ ಮನೆಯಲ್ಲಿ ಒಣಗಿದ ಗುಲಾಬಿ, ಹೊಸ ಡಾಂಬರು, ಒಣಶುಂಠಿ, ಕಿತ್ತಳೆ ಸಿಪ್ಪೆ ಅಂತ ಬರೆದೆ. ಚೊಗರಿಗೆ ಮೂರು ಮೆಟ್ಟಿಲು: ನೇರಳೆ, ಗೇರುಹಣ್ಣು, ಎಳೆ ಅಡಿಕೆ. ನೇರಳೆ ನಾಲಿಗೆ ಮೇಲೇ ನಿಲ್ಲುತ್ತೆ, ಗೇರುಹಣ್ಣು ಗಂಟಲು ಹಿಡಿಯುತ್ತೆ, ಎಳೆ ಅಡಿಕೆ ವಸಡಿಗೇ ಅಂಟುತ್ತೆ. ಹೀಗೆ ಬರೆಯೋಕೆ ಶುರು ಮಾಡಿದ ಮೇಲೆ ಮೂರು ಸಂಜೆಯೂ ಜೋಡಿ ಗ್ಲಾಸಿನ ಅಂತರ ಅರ್ಧ ಅಂಕ ದಾಟಲಿಲ್ಲ. ಗೆಳೆಯರಲ್ಲಿ ಯಾರಿಗೂ ಅದು ಆಗಲಿಲ್ಲ.

ನಡುವೆ ಸುಮ್ನೆ ಊಟದ ಜೊತೆಗೂ ನೋಡಿದೆ. ಬಿಸಿಬೇಳೆ ಬಾತಿನ ಖಾರಕ್ಕೆ ವೈನು ಕಹಿಯಾಯಿತು. ಚಟ್ನಿ ಇಲ್ಲದ ತುಪ್ಪದ ದೋಸೆಗೆ ಚೊಗರು ಒಂದು ಮೆಟ್ಟಿಲು ಇಳಿಯಿತು.

ಈಗ ತೋಟಗಳ ಲೆಕ್ಕ. ಲೇಬಲ್ ನೋಡಿ ಕೊಟ್ಟಾಗ ಯಾವಾಗಲೂ ಅಸಿಲಿ ತೋಟವೇ ಮೊದಲು. ಕಾಣದೆ ಕೊಟ್ಟಾಗ ಓವೆಲ್ಲೊ 18, ಅಸಿಲಿ 17 ಚಿಲ್ಲರೆ. ಮೊಂಟೆಸ್ಟೆಫಾನೊ ಅಪ್ಪಟ ಎಳೆ ಅಡಿಕೆ, ಇನ್ನೂ ಹತ್ತು ವರ್ಷ ಬೇಕು. ಪೋರಾ ನೇರಳೆಯಲ್ಲೇ ನಿಂತಿತು, ಇವತ್ತೇ ಕುಡಿಯಬಹುದು. 2019ರ ಎಂಟು ಬಾಟಲಿ ಈಗಾಗಲೇ ಮಂಚದ ಕೆಳಗಿವೆ. ಒಂಬತ್ತನೇ ತೋಟ ರಬಾಯಾ ಒಂದು ಸಿಗಬೇಕು.