ಹಳದಿ ಗೆರೆ ಎಳೆದ ನಟ್ಟುಗಳು: ಫಾರ್ಮುಲಾ ಕಾರಿನ ಜೊತೆ ನನ್ನ ಒಂದು ಸೀಸನ್

ಸೀಸನ್ನಿನ ಮೊದಲ ರೇಸ್. ಏಳನೇ ಲ್ಯಾಪ್ ಮುಗಿದಾಗ ನಮ್ಮ ಕಾರು ನಾಲ್ಕನೇ ಸ್ಥಾನದಲ್ಲಿತ್ತು. ನಾನು ಪಿಟ್ ಗೋಡೆಗೆ, ಅಂದರೆ ಟ್ರ್ಯಾಕ್ ಪಕ್ಕ ತಂಡಗಳು ನಿಲ್ಲುವ ಜಾಗದ ಗೋಡೆಗೆ, ಒರಗಿ ಲ್ಯಾಪ್ ಎಣಿಸುತ್ತಿದ್ದೆ. ಎಂಟನೇ ಸಲ ಎಲ್ಲರೂ ಬಂದರು, ನಮ್ಮ ಡ್ರೈವರ್ ಹುಡುಗ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಾರು ಟ್ರ್ಯಾಕ್ ಪಕ್ಕ ಹುಲ್ಲಿನ ಮೇಲೆ ನಿಂತಿದೆ ಅಂತ ಗೊತ್ತಾಯಿತು.

ಎಳೆದುಕೊಂಡು ತಂದ ಮೇಲೆ ನೋಡಿದರೆ ಗೇರ್ ಬದಲಿಸುವ ಲಿಂಕೇಜಿನ ಒಂದು ನಟ್ಟು ಬಿಚ್ಚಿ ಬೋಲ್ಟ್ ಉದುರಿತ್ತು. ಹಿಂದಿನ ದಿನ ಅದನ್ನು ಬಿಗಿ ಮಾಡಿದ್ದು ನಾನೇ. ಅದು ನೈಲಾಕ್ ನಟ್ಟು, ಒಳಗೆ ನೈಲಾನ್ ಬಳೆ ಇರುತ್ತದೆ. ಒಂದು ಸಲ ಬಿಚ್ಚಿ ಮತ್ತೆ ಹಾಕಿದರೆ ಆ ಬಳೆಯ ಹಿಡಿತ ಕಮ್ಮಿಯಾಗುತ್ತದೆ. ಗ್ಯಾರೇಜಿನಲ್ಲಿ ನಾವು ಎರಡು ಮೂರು ಸಲ ಹಾಕುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ರಸ್ತೆ ಕಾರಿನ ಅಲುಗಾಟವೇ ಬೇರೆ, ರೇಸ್ ಕಾರಿನದೇ ಬೇರೆ. ಹುಡುಗ ಹೆಲ್ಮೆಟ್ ತೆಗೆದು ಹತ್ತಿರ ಬಂದ. ಹದಿನೇಳು ವರ್ಷದವನು. ‘ಪರವಾಗಿಲ್ಲ ಅಣ್ಣಾ’ ಅಂದ. ಬೈದಿದ್ದರೆ ಇನ್ನೂ ಸುಲಭ ಆಗುತ್ತಿತ್ತು.

ನಾನು ಮೈಸೂರಿನವನು. ಹನ್ನೊಂದು ವರ್ಷ ಗ್ಯಾರೇಜಿನಲ್ಲಿ ಹೆಚ್ಚಾಗಿ ಮಾರುತಿ ಕಾರುಗಳನ್ನೇ ರಿಪೇರಿ ಮಾಡಿದವನು. ಕೊಯಮತ್ತೂರಿನ ಒಂದು ಸಣ್ಣ ತಂಡಕ್ಕೆ ಒಂದು ಸೀಸನ್ ಮಟ್ಟಿಗೆ ಮೆಕ್ಯಾನಿಕ್ ಬೇಕಿತ್ತು, ಹೋದೆ. ಅವರ ಕಾರು ಎಲ್‌ಜಿಬಿ ಫಾರ್ಮುಲಾ 4. ನಮ್ಮ ದೇಶದಲ್ಲಿ ಗೋ-ಕಾರ್ಟಿಂಗ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಮೊದಲು ಹತ್ತುವ ಫಾರ್ಮುಲಾ ಕಾರು ಇದು. ಪೈಪುಗಳನ್ನು ವೆಲ್ಡ್ ಮಾಡಿದ ಚಾಸಿ, ಒಬ್ಬರಿಗಷ್ಟೇ ಜಾಗ, ನಾಲ್ಕೂ ಚಕ್ರ ಹೊರಗೆ. ಹಿಂದೆ ಮಾರುತಿಯ 1300 ಸಿಸಿ ಪೆಟ್ರೋಲ್ ಎಂಜಿನ್. ಕವರ್ ತೆಗೆದಾಗ ಊರಿನವರು ಸಿಕ್ಕ ಹಾಗೆ ಅನ್ನಿಸಿತು.

ಇಲ್ಲಿ ಎಲ್ಲರಿಗೂ ಒಂದೇ ಥರದ ಕಾರು, ಒಂದೇ ಥರದ ಎಂಜಿನ್, ಒಂದೇ ಕಂಪನಿಯ ಟಯರು. ಎಂಜಿನ್‌ಗೆ ಸೀಲ್ ಹಾಕಿರುತ್ತಾರೆ, ಒಳಗೆ ಕೈ ಹಾಕುವ ಹಾಗಿಲ್ಲ. ಹಾಗಾದರೆ ಮೆಕ್ಯಾನಿಕ್ಕಿಗೆ ಏನು ಕೆಲಸ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಕೆಲಸ ಇಷ್ಟೇ: ನಿನ್ನೆ ಸಂಜೆ ಕಾರು ಹೇಗಿತ್ತೋ ಇವತ್ತು ಬೆಳಿಗ್ಗೆಯೂ ಹಾಗೇ ಇರಬೇಕು. ಬ್ರೇಕ್ ಪೆಡಲ್ ನಿನ್ನೆ ಎಲ್ಲಿ ಗಟ್ಟಿಯಾಯಿತೋ ಇವತ್ತೂ ಅಲ್ಲೇ ಗಟ್ಟಿಯಾಗಬೇಕು. ಅಷ್ಟು ನಂಬಿಕೆ ಇದ್ದರೆ ಹುಡುಗ ಐದು ಮೀಟರ್ ತಡವಾಗಿ ಬ್ರೇಕ್ ಒತ್ತುತ್ತಾನೆ. ಒಂದೇ ಥರದ ಕಾರುಗಳಲ್ಲಿ ವೇಗ ಅಂದರೆ ಆ ಐದು ಮೀಟರ್.

ಆ ರೇಸ್ ಆದ ರಾತ್ರಿ ಮೇಸ್ತ್ರಿ ನನಗೆ ಒಂದು ಹಳದಿ ಪೇಂಟ್ ಪೆನ್ನು ಕೊಟ್ಟರು. ಮೂವತ್ತು ವರ್ಷದಿಂದ ರೇಸ್ ಕಾರಿನಲ್ಲೇ ಇರುವ ಮನುಷ್ಯ. ನಟ್ಟು ಬಿಗಿ ಮಾಡು, ಬಿಗಿ ಎಷ್ಟಿದೆ ಅಂತ ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡು, ಆಮೇಲೆ ನಟ್ಟಿನಿಂದ ಚಾಸಿಯ ತನಕ ಒಂದು ಗೆರೆ ಎಳಿ ಅಂದರು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. ಪಾನ ಹಿಡಿಯದೆ, ಬರೀ ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗಿಬಿಡುತ್ತದೆ. ನಮ್ಮ ಕಾರಿನಲ್ಲಿ ಒಟ್ಟು 62 ಗೆರೆ. ಅವತ್ತೇ ಒಂದು ನೋಟ್‌ಬುಕ್ ಕೂಡ ಶುರು ಮಾಡಿದೆ.

ಸೀಸನ್ನಿನ ಹೆಚ್ಚಿನ ರೇಸುಗಳು ಕೊಯಮತ್ತೂರಿನ ಹೊರಗೆ, ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ. ನಾನು ಚಾಮರಾಜನಗರದ ಮೇಲೆ ಬಸ್ಸಿನಲ್ಲಿ ಹೋಗಿ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟುತ್ತಿದ್ದೆ. ಟ್ರ್ಯಾಕ್ 2.1 ಕಿಲೋಮೀಟರ್, ಚಿಕ್ಕದು. ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ದುಡ್ಡಿಲ್ಲದವರಿಗೂ ಸಿಗುವಂಥ ಫಾರ್ಮುಲಾ ಕಾರು ನಮ್ಮಲ್ಲೇ ಆಗಬೇಕು ಅಂತ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಟ್ಟಿದವರು. ನರೇನ್ ಕಾರ್ತಿಕೇಯನ್ ಶುರು ಮಾಡಿದ್ದು ಅಂಥ ಕಾರಿನಲ್ಲೇ. 2005ರಲ್ಲಿ ಜೋರ್ಡನ್ ತಂಡ ಸೇರಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ಅವರೇ. ಪಿಟ್‌ನಲ್ಲಿ ಹಳೆಯ ಮೆಕ್ಯಾನಿಕ್‌ಗಳು ಕರಿವರ್ಧನ್ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರೆ. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಹೋದರು. ನನಗೆ ಆ ಟ್ರ್ಯಾಕ್‌ನಲ್ಲಿ ಕೆಲಸ ಮಾಡಿದ್ದೇ ಹೆಮ್ಮೆ.

ಒಂದು ವಾರಾಂತ್ಯದ ರೇಸುಗಳೆಲ್ಲ ಸೇರಿ ಒಂದು ರೌಂಡ್. ಎರಡನೇ ರೌಂಡಿನಲ್ಲಿ ಗಾಳಿ ಪಾಠ ಕಲಿಸಿತು. ಪಾಲಕ್ಕಾಡಿನ ಹತ್ತಿರ ಪಶ್ಚಿಮ ಘಟ್ಟದಲ್ಲಿ ದೊಡ್ಡ ಕಿಂಡಿ ಇದೆಯಲ್ಲ, ಮುಂಗಾರಿನಲ್ಲಿ ಗಾಳಿಯೆಲ್ಲ ಅದರೊಳಗಿಂದ ನುಗ್ಗಿ ಕೊಯಮತ್ತೂರಿನ ಮೇಲೆ ಬರುತ್ತದೆ. ಬೆಳಿಗ್ಗೆ ಸುಮ್ನೆ ಇರುತ್ತದೆ, ಮಧ್ಯಾಹ್ನ ಟೆಂಟ್ ಹಾರಿಸುತ್ತದೆ. ಟ್ರ್ಯಾಕ್ ಮೇಲೆ ಮಣ್ಣು ತಂದು ಹಾಕುತ್ತದೆ. ಎಲ್ಲಿ ಬ್ರೇಕ್ ಒತ್ತಬೇಕು ಅಂತ ಬೆಳಿಗ್ಗೆ ಹಿಡಿದ ಗುರುತು ಮಧ್ಯಾಹ್ನಕ್ಕೆ ನಡೆಯೋದಿಲ್ಲ. ಎದುರುಗಾಳಿ ಇದ್ದರೆ ಕಾರು ಬೇಗ ನಿಲ್ಲುತ್ತದೆ, ಹಿಂದಿನಿಂದ ಬೀಸಿದರೆ ಜಾಸ್ತಿ ದೂರ ಹೋಗುತ್ತದೆ. ರೇಸ್ ಶುರುವಾಗುವ ಸಾಲಿಗೆ, ಅಂದರೆ ಗ್ರಿಡ್‌ಗೆ, ಹೋಗುವ ಮುಂಚೆ ಬಾವುಟ ಯಾವ ಕಡೆ ಹಾರುತ್ತಿದೆ ಅಂತ ಹುಡುಗನಿಗೆ ತೋರಿಸುವುದು ನನ್ನ ಕೆಲಸವಾಯಿತು.

ಟಯರ್ ಗಾಳಿಯ ಲೆಕ್ಕವೂ ಹಾಗೇ. ಟಯರ್ ಬಿಸಿಯಾದ ಹಾಗೆ ಒಳಗಿನ ಒತ್ತಡ ಏರುತ್ತದೆ. ತಣ್ಣಗಿರುವಾಗ ಎಷ್ಟು ಬಿಟ್ಟಿದ್ದೆ, ಓಡಿ ಬಂದ ತಕ್ಷಣ ಎಷ್ಟಿತ್ತು, ಬಿಸಿಲು ಹೇಗಿತ್ತು, ಎಲ್ಲ ಬರೆದೆ. ನಾಲ್ಕು ಟಯರೂ ಒಂದೇ ಥರ ಏರೋದಿಲ್ಲ. ಜಾಸ್ತಿ ಭಾರ ಹೊರುವ ಹೊರಗಿನ ಟಯರುಗಳು ಜಾಸ್ತಿ ಏರುತ್ತವೆ. ಅದಕ್ಕೆ ತಣ್ಣಗಿರುವಾಗಲೇ ಅವಕ್ಕೆ ಗೇಜಿನಲ್ಲಿ ಒಂದು ಪಾಯಿಂಟ್ ಕಮ್ಮಿ ಬಿಡಬೇಕು, ಬಿಸಿಯಾದಾಗ ನಾಲ್ಕೂ ಸಮ ಬರುವ ಹಾಗೆ. ಮೂರನೇ ರೇಸಿನ ಹೊತ್ತಿಗೆ ನೋಟ್‌ಬುಕ್ ತೆರೆದರೆ ಉತ್ತರ ಸಿಗುತ್ತಿತ್ತು. ಆ ವಾರ ನಮಗೆ ಮೊದಲ ಪೋಡಿಯಂ ಬಂತು, ಮೂರನೇ ಸ್ಥಾನ.

ಮೂರನೇ ರೌಂಡಿನ ಶನಿವಾರ ಅಪಘಾತ. ಚಕ್ರ ಹೊರಗಿರುವ ಕಾರಿನಲ್ಲಿ ಚಕ್ರಕ್ಕೆ ಚಕ್ರ ತಾಗಬಾರದು. ಮುಂದಿನ ಕಾರಿನ ಹಿಂದಿನ ಚಕ್ರಕ್ಕೆ ನಮ್ಮ ಮುಂದಿನ ಚಕ್ರ ತಗುಲಿದರೆ, ಅದರ ಹಿಂಭಾಗ ಮೇಲಕ್ಕೆ ತಿರುಗುತ್ತಿರುವುದರಿಂದ ನಮ್ಮನ್ನು ಎತ್ತಿ ಎಸೆಯುತ್ತದೆ. ದೇವರ ದಯೆ, ಇದು ಪಕ್ಕದಿಂದ ತಾಗಿದ್ದು. ಹುಡುಗನಿಗೆ ಏನೂ ಆಗಲಿಲ್ಲ. ಮುಂದಿನ ಎಡಗಡೆಯ ಕೆಳಗಿನ ವಿಶ್‌ಬೋನ್, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕವೆಯಂಥ ಕಂಬಿ, ಬಗ್ಗಿತು. ಮುಂದಿನ ರೇಸಿಗೆ ಎರಡು ಗಂಟೆ ಇತ್ತು.

ಹೊಸ ವಿಶ್‌ಬೋನ್ ಹಾಕುವುದು ಅರ್ಧ ಗಂಟೆಯ ಕೆಲಸ. ಚಕ್ರವನ್ನು ಮತ್ತೆ ನೇರ ಮಾಡುವುದರಲ್ಲೇ ಇರೋದು ಎಲ್ಲ. ನಮ್ಮಲ್ಲಿ ಲೇಸರ್ ಇರಲಿಲ್ಲ, ಮೀನಿನ ಗಾಳದ ನೈಲಾನ್ ದಾರ ಇತ್ತು. ಕಾರಿನ ಎರಡೂ ಪಕ್ಕ ಸ್ಟ್ಯಾಂಡ್ ಇಟ್ಟು, ಚಕ್ರದ ನಡುಮಟ್ಟಕ್ಕೆ ದಾರ ಬಿಗಿದೆವು. ಎರಡು ದಾರವೂ ಕಾರಿನ ನಡುಗೆರೆಗೆ ಸಮ ದೂರದಲ್ಲಿರಬೇಕು. ಆಮೇಲೆ ಸ್ಟೀಲ್ ಸ್ಕೇಲ್ ಹಿಡಿದು ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ನೋಡಬೇಕು. ನಮಗೆ ಬೇಕಿದ್ದದ್ದು ಒಂದು ಮಿಲಿಮೀಟರ್ ವ್ಯತ್ಯಾಸ, ಮುಂದಿನ ಅಂಚು ಹೊರಕ್ಕೆ. ಗಾಳಿಗೆ ದಾರ ನಡುಗುತ್ತಿತ್ತು. ಇಬ್ಬರು ಹುಡುಗರು ಟಾರ್ಪಾಲ್ ಹಿಡಿದು ಮರೆ ಮಾಡಿ ನಿಂತರು.

ಡ್ರೈವರ್ ಭಾರ ಇಲ್ಲದೆ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಹುಡುಗನನ್ನು ಹೆಲ್ಮೆಟ್ ಸಮೇತ ಕೂರಿಸಿದೆ. ಕೈ ಸಣ್ಣಗೆ ನಡುಗುತ್ತಿತ್ತು.

‘ಅಣ್ಣಾ, ತಪ್ಪು ನಂದೇ. ಅಲ್ಲಿ ಜಾಗ ಇರಲಿಲ್ಲ.’

‘ಅದು ಸಂಜೆ ಮಾತಾಡೋಣ. ಈಗ ಸ್ಟೇರಿಂಗ್ ನೆಟ್ಟಗೆ ಹಿಡ್ಕೊ. ಉಸಿರು ಬಿಟ್ಟು ಆರಾಮಾಗಿ ಕೂತ್ಕೊ.’

ನಾನು ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡನ್ನು ಕಾಲು ಸುತ್ತು ತಿರುಗಿಸಿ, ಕಾರನ್ನು ಹಿಂದೆ ಮುಂದೆ ತಳ್ಳಿಸಿ, ಮತ್ತೆ ಅಳೆದೆ. ಮತ್ತೆ ಕಾಲು ಸುತ್ತು. ಇಪ್ಪತ್ತು ನಿಮಿಷ ಅವನು ಅಲುಗಾಡಲಿಲ್ಲ. ಕೊನೆಗೆ ಒಂದು ಮಿಲಿಮೀಟರ್ ಬಂತು. ಲಾಕ್ ನಟ್ಟು ಬಿಗಿದು ಗೆರೆ ಎಳೆದೆ. ಅವನ ಕೈ ಆಗ ನಡುಗುತ್ತಿರಲಿಲ್ಲ. ಕೊನೆಯಿಂದ ಹೊರಟು ಆರನೆಯವನಾಗಿ ಬಂದ. ನನ್ನ ಲೆಕ್ಕದಲ್ಲಿ ಆ ಸೀಸನ್ನಿನ ಅತ್ಯಂತ ಒಳ್ಳೆಯ ರೇಸ್ ಅದು, ಪೋಡಿಯಂಗಿಂತ ಒಳ್ಳೆಯದು.

ಕೊನೆಯ ರೌಂಡ್ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ. 2011ರಿಂದ 2013ರ ತನಕ ಫಾರ್ಮುಲಾ ಒನ್ ನಡೆದ ಜಾಗ, 5.125 ಕಿಲೋಮೀಟರ್. ಕರಿಯಿಂದ ಬಂದವರಿಗೆ ಸಮುದ್ರ ನೋಡಿದ ಹಾಗೆ. ಬೆಳಿಗ್ಗೆ ಮಂಜು, ಚಳಿ, ಕೈಗೆ ಪಾನ ಹಿಡಿಯೋಕಾಗದಷ್ಟು ತಣ್ಣಗೆ. ನನ್ನ ನೋಟ್‌ಬುಕ್ಕಿನ ಟಯರ್ ಲೆಕ್ಕ ಇಲ್ಲಿ ಪೂರ್ತಿ ಬದಲಾಯಿತು. ಒಂದು ಕಿಲೋಮೀಟರಿಗೂ ಜಾಸ್ತಿ ಉದ್ದದ ನೇರ ದಾರಿಯಲ್ಲಿ ಟಯರ್ ಆರಿಹೋಗುತ್ತದೆ. ಅಭ್ಯಾಸದಲ್ಲಿ ಎರಡು ಸಲ ನೋಡಿ, ಶುರುವಿನ ಗಾಳಿ ಎರಡು ಪಾಯಿಂಟ್ ಏರಿಸಿದೆ. ಆ ನೇರ ದಾರಿಯಲ್ಲಿ ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ದಾರಿ ಸಲೀಸು. ಸಮ ಕಾರುಗಳಾದ್ದರಿಂದ ಮುಂದಿದ್ದವನೇ ತಿರುವಿನಲ್ಲಿ ಹಿಂದೆ ಬೀಳುತ್ತಿದ್ದ. ನಮ್ಮವನು ಕೊನೆಯ ಲ್ಯಾಪ್‌ನ ತನಕ ಬೇಕಂತಲೇ ಎರಡನೆಯವನಾಗಿ ಕಾದ. ಆದರೆ ಹಿಂದಿದ್ದ ಇಬ್ಬರೂ ಅದೇ ಯೋಚನೆ ಮಾಡಿದ್ದರು. ನಾಲ್ಕನೇ ಸ್ಥಾನ.

ಚಾಂಪಿಯನ್‌ಶಿಪ್‌ನಲ್ಲೂ ನಾಲ್ಕನೆಯದು. ಮೂರನೆಯವನಿಗೂ ನಮಗೂ ಇದ್ದ ಅಂತರ, ಮೊದಲ ರೇಸಿನ ಆ ನಾಲ್ಕನೇ ಸ್ಥಾನದ ಪಾಯಿಂಟಿಗಿಂತ ಕಮ್ಮಿ. ಲೆಕ್ಕ ಹಾಕಿದ್ದು ನಾನೊಬ್ಬನೇ ಅಲ್ಲ, ಹುಡುಗನೂ ಹಾಕಿದ್ದ. ಅವನು ಆ ಮಾತು ಎತ್ತಲೇ ಇಲ್ಲ.

ರೇಸ್ ಆದ ಮೇಲೆ ತಪಾಸಣೆಗೆ ಕಾರು ಇಟ್ಟುಕೊಳ್ಳುವ ಪಾರ್ಕ್ ಫರ್ಮೆಯಿಂದ ಕಾರು ಬಿಟ್ಟುಕೊಡುವಾಗ ಕತ್ತಲಾಗಿತ್ತು. ಎಲ್ಲರೂ ಪೋಡಿಯಂ ಕಡೆ ಹೋಗಿದ್ದರು. ನಾನು ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿ ಎಣಿಸಿದೆ. 62 ಗೆರೆಯೂ ಹಾಗೇ ಇದ್ದವು. ಮೇಲೆ ಎದ್ದಾಗ ಹುಡುಗ ಪಕ್ಕದಲ್ಲಿ ಎರಡು ಲೋಟ ಚಹಾ ಹಿಡಿದು ನಿಂತಿದ್ದ. ಲಾರಿ ಬರೋಕೆ ಇನ್ನೂ ಒಂದು ಗಂಟೆ ಇತ್ತು. ಇಬ್ಬರೂ ಟಯರ್ ಮೇಲೆ ಕೂತು ಕುಡಿದೆವು.